ಒಂದೇ ಮೆಷಿನಲ್ಲಿ ಎರಡು ಸಾವಿರ ಪ್ರೊಸೆಸ್ ಬಿಟ್ರೆ ಎಲ್ಲಿ ಕಟ್ಟಾಗ್ತದೆ, ಹೇಗೆ ಹುಡುಕುದು

ಅಳಿಯ ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿದ. "ಮಾವಾ, ಸರ್ವರ್ ಹಾಳಾಯ್ತು ಕಾಣ್ತದೆ, ಎಲ್‌ಎಸ್ ಹೊಡೆದ್ರೂ ಫೋರ್ಕ್ ರೀಟ್ರೈ ಅಂತ ಬರ್ತದೆ, ಎಂತ ಮಾಡುದು?" ಎಲ್‌ಎಸ್ ಅಂದ್ರೆ ಫೈಲುಗಳ ಪಟ್ಟಿ ತೋರಿಸುವ ಕಮಾಂಡು, ಫೋರ್ಕ್ ಅಂದ್ರೆ ಹೊಸ ಪ್ರೊಸೆಸ್ (ಓಡುವ ಪ್ರೋಗ್ರಾಂ) ಹುಟ್ಟಿಸುದು. ಎಷ್ಟು ಪ್ರೊಸೆಸ್ ಬಿಟ್ಟಿದ್ದಿ ಅಂತ ಕೇಳಿದೆ. "ಎರಡು ಸಾವಿರ. ಬೇಗ ಮುಗೀಲಿ ಅಂತ."

ಮೆಷಿನ್ ಇರುದು ಬದಿಯಡ್ಕದ ಹತ್ರ ಅವರ ಮನೆಯಲ್ಲಿ, ಅಡಿಕೆ ಚೀಲ ಇಡುವ ಕೋಣೆಯ ಮೂಲೆಯಲ್ಲಿ. ಸೆಕೆಂಡ್ ಹ್ಯಾಂಡ್ ಸರ್ವರು, ಎರಡು ಪ್ರೊಸೆಸರು, ಒಂದೊಂದರಲ್ಲಿ 16 ಕೋರು, ಹೈಪರ್ ಥ್ರೆಡಿಂಗ್ ಸೇರಿ ಲಿನಕ್ಸಿಗೆ ಕಾಣುದು 64. ರ‍್ಯಾಮ್ 256 ಜಿಬಿ. ಹಾಕಿದ್ದು ಸೆಂಟ್ಓಎಸ್ 7 ಅಂತ ಹಳೇ ಲಿನಕ್ಸು, ಅದರ ಸಪೋರ್ಟು 2024ರ ಜೂನ್ 30ಕ್ಕೇ ಮುಗಿದದ್ದು ಗೊತ್ತುಂಟು, ಹೊರಗಿನ ನೆಟ್ಟಿಗೆ ಹಾಕಿಲ್ಲ, ಬೈಬೇಡಿ. ಕೆಲಸ ಎಂತ ಅಂದ್ರೆ ಹಳೇ ಪತ್ರಿಕೆ, ಶಾಲೆಯ ಸಂಚಿಕೆಗಳ ಸ್ಕ್ಯಾನು, ಸುಮಾರು 40 ಸಾವಿರ ಪುಟ. ಅದ್ರಲ್ಲಿ ಅರ್ಧಕ್ಕರ್ಧ 1956ಕ್ಕೆ ಮುಂಚಿನದ್ದು, ನಮ್ಮ ಕಾಸರಗೋಡು ಮದ್ರಾಸಿನ ಕೆಳಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇದ್ದ ಕಾಲದ್ದು. ಕೆಲವು ಪುಟದಲ್ಲಿ ಕನ್ನಡದ ಒಟ್ಟಿಗೆ ಮಲಯಾಳವೂ ಉಂಟು, ಹಾಗಾಗಿ ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್ ಪ್ರೋಗ್ರಾಮಿಗೆ ಎರಡೂ ಭಾಷೆ ಕೊಟ್ಟು ಓಡಿಸುದು. ಇವ ಪಟ್ಟಿಯ ಒಂದೊಂದು ಫೈಲಿಗೂ ಕಮಾಂಡ್ ಓಡಿಸುವ ಎಕ್ಸಾರ್ಗ್ಸಿಗೆ ಮೈನಸ್ ಕ್ಯಾಪಿಟಲ್ ಪಿ 2000 (ಒಟ್ಟಿಗೆ ಎರಡು ಸಾವಿರ ಓಡ್ಲಿ ಅಂತ) ಕೊಟ್ಟು ಎಂಟರ್ ಒತ್ತಿ ಊಟಕ್ಕೆ ಹೋದ.

ಇದೇ ತರದ್ದು ಪೈಥಾನಲ್ಲಿ, ಎಂಪಿಐಯಲ್ಲಿ, ಎಂತದರಲ್ಲಿ ಮಾಡಿದವರಿಗೂ ಬರುವ ಎರರ್ ಹೆಚ್ಚುಕಡಿಮೆ ಒಂದೇ. ಅದಕ್ಕೆ ನಾವು ಹುಡುಕಿದ ದಾರಿ ಪೂರ್ತಿ ಬರೀತೇನೆ, ತಪ್ಪಿದ ದಾರಿಯೂ ಸೇರಿ.

ಮೊದ್ಲು ಒಳಗೆ ಹೋಗಿ ನಿಲ್ಲಿಸುದು

ಮೆಷಿನ್ ಸತ್ತಿಲ್ಲ, ಬಿಸಿ ಉಂಟು, ಹೊಸ ಪ್ರೊಸೆಸ್ ಹುಟ್ಲಿಕ್ಕೆ ಜಾಗ ಇಲ್ಲ ಅಷ್ಟೆ. ಹಾಗಾಗಿ ಪವರ್ ಬಟನ್ ಒತ್ತಿ ಹಿಡಿಯುದು ಕೊನೆಯ ಉಪಾಯ, ಮೊದಲಿನದ್ದಲ್ಲ. ಹೊರಗಿಂದ ಎಸ್‌ಎಸ್‌ಎಚ್ (ಬೇರೆ ಮೆಷಿನಿಂದ ಲಾಗಿನ್) ಮಾಡಿದ್ರೆ ಪಾಸ್‌ವರ್ಡ್ ತಗೊಳ್ತದೆ, ಆಮೇಲೆ "ಶೆಲ್ ರಿಕ್ವೆಸ್ಟ್ ಫೇಲ್ಡ್ ಆನ್ ಚಾನೆಲ್ 0" ಅಂತ ಹೊರಗೆ ಹಾಕ್ತದೆ. ಮೊದಲೇ ತೆರೆದಿಟ್ಟ ಒಂದು ಟರ್ಮಿನಲ್ ಇದ್ರೆ ಅದೇ ನಿಮ್ಮ ಬಂಗಾರ, ಅದನ್ನು ಕ್ಲೋಸ್ ಮಾಡ್ಬೇಡಿ. ಅದ್ರಲ್ಲಿ ಎಲ್‌ಎಸ್, ಪಿಎಸ್, ಟಾಪ್ ಯಾವುದೂ ನಡೆಯುದಿಲ್ಲ, ಯಾಕಂದ್ರೆ ಅವೆಲ್ಲ ಬೇರೆ ಪ್ರೋಗ್ರಾಂ, ಬ್ಯಾಶ್ (ನಾವು ಟೈಪ್ ಮಾಡಿದ್ದನ್ನು ಓಡಿಸುವ ಶೆಲ್ಲು) ಫೋರ್ಕ್ ಮಾಡಿದ್ರೆ ಮಾತ್ರ ಹುಟ್ಟುವಂಥದ್ದು. ಆದ್ರೆ ಬ್ಯಾಶಿನ ಹೊಟ್ಟೆಯೊಳಗೇ ಇರುವ ಕಮಾಂಡುಗಳು ನಡೀತದೆ, ಎಕೋ, ರೀಡ್, ಕಿಲ್, ಫಾರ್ ಲೂಪು. ಇಷ್ಟು ಸಾಕು.

ಪ್ರಾಕ್ ಫೋಲ್ಡರಿನ ಒಳಗೆ ಒಂದೊಂದು ಪ್ರೊಸೆಸಿಗೆ ಅದರ ನಂಬರಿನ ಫೋಲ್ಡರ್ ಇರ್ತದೆ ಅಲ್ವಾ, ಅದರೊಳಗೆ ಕಾಮ್ ಅಂತ ಒಂದು ಫೈಲು, ಅದ್ರಲ್ಲಿ ಪ್ರೊಸೆಸಿನ ಹೆಸರು. ಫಾರ್ ಲೂಪಲ್ಲಿ ಎಲ್ಲ ನಂಬರಿನ ಫೋಲ್ಡರಿಗೂ ಹೋಗಿ, ರೀಡಲ್ಲಿ ಆ ಫೈಲು ಓದಿ, ಹೆಸರು ಎಕ್ಸಾರ್ಗ್ಸ್ ಆದ್ರೆ ನಂಬರ್ ಎಕೋ ಮಾಡು ಅಂತ ಅಳಿಯನಿಗೆ ಫೋನಲ್ಲೇ ಹೇಳಿ ಟೈಪ್ ಮಾಡಿಸಿದೆ. ಒಂದೂ ಫೋರ್ಕ್ ಬೇಡ ಇದಕ್ಕೆ. ಸಿಕ್ಕಿದ ನಂಬರಿಗೆ ಕಿಲ್. ತಾಯಿಯನ್ನು ಮೊದಲು ಕೊಲ್ಬೇಕು, ಮಕ್ಕಳನ್ನಲ್ಲ (ಓದ್ಲಿಕ್ಕೆ ಕೆಟ್ಟದಾಗ್ತದೆ, ಎಂತ ಮಾಡುದು, ಹೆಸರು ಇಟ್ಟದ್ದೇ ಹಾಗೆ), ಯಾಕಂದ್ರೆ ಒಂದು ಟೆಸರಾಕ್ಟ್ ಪುಟ ಮುಗಿಸಿ ಹೋದ ಕೂಡ್ಲೆ ಎಕ್ಸಾರ್ಗ್ಸ್ ಇನ್ನೊಂದನ್ನು ಹುಟ್ಟಿಸ್ತದೆ, ಅದು ಇರುವವರೆಗೆ ಜಾಗ ಖಾಲಿ ಆಗುದಿಲ್ಲ. ಓಡ್ತಾ ಇದ್ದ ಮಕ್ಕಳು ತಮ್ಮ ಪುಟ ಮುಗಿಸಿ ತಾವೇ ಹೋಗ್ತವೆ.

ತೆರೆದ ಟರ್ಮಿನಲ್ ಇಲ್ಲದಿದ್ರೆ ಕೀಬೋರ್ಡು ಮಾನಿಟರು ಚುಚ್ಚಿ ರೂಟಲ್ಲಿ (ಮೆಷಿನಿನ ಯಜಮಾನ ಯೂಸರಾಗಿ) ಲಾಗಿನ್ ಆಗಿ ನೋಡಿ. ಅದು ಸಲೀಸಾಗಿ ಆದ್ರೆ ಒಂದು ದೊಡ್ಡ ಸುಳಿವು ಸಿಕ್ಕಿದ ಹಾಗೆ.

ಯಾವ ಗೇಟು ಮುಚ್ಚಿದ್ದು

"ರಿಸೋರ್ಸ್ ಟೆಂಪೊರರಿಲಿ ಅನ್‌ಅವೈಲೇಬಲ್" ಅಂತ ಆ ಫೋರ್ಕ್ ರೀಟ್ರೈಯ ಒಟ್ಟಿಗೆ ಬರುದು ನೋಡಿ ಎಲ್ರೂ ರ‍್ಯಾಮ್ ಮುಗಿದದ್ದು ಅಂತ ತಿಳ್ಕೊಳ್ತಾರೆ. ಅಲ್ಲ. ರ‍್ಯಾಮ್ ಇಲ್ಲದೆ ಫೋರ್ಕ್ ತಪ್ಪಿದ್ರೆ ಸಾಮಾನ್ಯವಾಗಿ "ಕೆನಾಟ್ ಅಲೊಕೇಟ್ ಮೆಮೊರಿ" ಅಂತ ಬೇರೆಯೇ ಮಾತು ಬರ್ತದೆ. ಮೊದಲಿನ ಮಾತು ಬಂದ್ರೆ ಎಲ್ಲಿಯೋ ಒಂದು ಲೆಕ್ಕದ ಮಿತಿ ಮುಟ್ಟಿದೆ ಅಂತ ಅರ್ಥ, ಆ ಮಿತಿ ಇಡುವ ಜಾಗ ಮಾತ್ರ ನಾಲ್ಕಾರು ಉಂಟು, ಎಲ್ಲ ಜಾಗದವರೂ ಇದೇ ಒಂದು ವಾಕ್ಯ ಹೇಳುದು, ಕಷ್ಟ ಇರುದೇ ಅಲ್ಲಿ.

ಒಬ್ಬ ಯೂಸರಿಗೆ ಇಷ್ಟು ಅಂತ ಇಡುದು ಒಂದು, ಯುಲಿಮಿಟ್ ಮೈನಸ್ ಯು ಹೊಡೆದ್ರೆ ಕಾಣುವಂಥದ್ದು. ಎರಡನೇದು ಲಿನಕ್ಸಿನ ಸರ್ವಿಸುಗಳನ್ನು ನೋಡಿಕೊಳ್ಳುವ ಸಿಸ್ಟಂಡಿ ಇಡುವ ಸಿಗ್ರೂಪ್ (ಪ್ರೊಸೆಸುಗಳ ಗುಂಪು) ಮಿತಿ, ಯೂಸರ್ ಸ್ಲೈಸಿಗೆ, ಅಂದ್ರೆ ಒಬ್ಬ ಯೂಸರಿನ ಗುಂಪಿಗೆ ಒಂದು, ಸರ್ವಿಸಿಗೆ ಇನ್ನೊಂದು. ಮೂರನೇದು ಇಡೀ ಮೆಷಿನಿಗೆ ಸೇರಿ ಪಿಡ್ ಮ್ಯಾಕ್ಸ್ (ಪ್ರೊಸೆಸ್ ನಂಬರಿನ ಗರಿಷ್ಠ) ಮತ್ತೆ ಥ್ರೆಡ್ಸ್ ಮ್ಯಾಕ್ಸ್. ಇದನ್ನು ಬೇರೆ ಮಾಡ್ಲಿಕ್ಕೆ ನಾನು ಮಾಡುದು ಹೀಗೆ: ಆ ಯೂಸರಿಗೆ ಆಗುದಿಲ್ಲ, ರೂಟಿಗೂ ಬೇರೆ ಯೂಸರಿಗೂ ಆಗ್ತದೆ ಅಂತಾದ್ರೆ ಮೊದಲೆರಡರಲ್ಲಿ ಒಂದು. ಯಾರಿಗೂ ಆಗುದಿಲ್ಲ ಅಂದ್ರೆ ಮೂರನೇದು. ಮೊದಲೆರಡರಲ್ಲಿ ಯಾವುದು ಅಂತ ನೋಡ್ಲಿಕ್ಕೆ ಡಿಮೆಸೇಜ್, ಅಂದ್ರೆ ಲಿನಕ್ಸಿನ ತಿರುಳಾದ ಕರ್ನಲ್ ಬರೆಯುವ ಲಾಗು ನೋಡಿ, ಸಿಗ್ರೂಪ್ ತಡೆದಿದ್ರೆ "ಫೋರ್ಕ್ ರಿಜೆಕ್ಟೆಡ್ ಬೈ ಪಿಡ್ಸ್ ಕಂಟ್ರೋಲರ್" ಅಂತ ಯಾವ ಸ್ಲೈಸಿನಲ್ಲಿ ಅಂತ ಸಮೇತ ಬರೆದಿರ್ತದೆ. ಯುಲಿಮಿಟ್ ತಡೆದಿದ್ರೆ ಕರ್ನಲ್ ಒಂದಕ್ಷರ ಬರೆಯುದಿಲ್ಲ, ಮೌನ. ಆ ಮೌನವೇ ಸಾಕ್ಷಿ.

ಪಿಡ್ ಮ್ಯಾಕ್ಸ್ ಮೊದಲಿಂದ ಇದ್ದ ಡಿಫಾಲ್ಟು 32768, ಕೋರ್ ಜಾಸ್ತಿ ಇದ್ರೆ ಕರ್ನಲ್ ತಾನೇ ಕೋರಿಗೆ 1024ರ ಲೆಕ್ಕದಲ್ಲಿ ಏರಿಸ್ತದೆ, 64 ಬಿಟ್ಟಿನ ಮೆಷಿನಲ್ಲಿ ಗರಿಷ್ಠ 4194304. ಈಚಿನ ಸಿಸ್ಟಂಡಿ, ಅಂದ್ರೆ 243ನೇ ವರ್ಶನಿಂದ ಮೇಲೆ, ಬೂಟ್ ಆಗುವಾಗಲೇ ಅದನ್ನು ಆ ಗರಿಷ್ಠಕ್ಕೆ ಇಡ್ತದೆ, ಹಾಗಾಗಿ ಹೊಸ ಡಿಸ್ಟ್ರೋ ಹಾಕಿದವರಿಗೆ ಈ ಗೇಟು ಸಿಗುದೇ ಕಡಿಮೆ. ನಡುವಿನ ಕಾಲದ ಡಿಸ್ಟ್ರೋದಲ್ಲಿ ಮಾತ್ರ ಜಾಗ್ರತೆ, ಯೂಸರ್ ಸ್ಲೈಸಿಗೆ 33 ಪರ್ಸೆಂಟ್ ಅಂತ ಡಿಫಾಲ್ಟ್ ಉಂಟು, ಪಿಡ್ ಮ್ಯಾಕ್ಸ್ 32768 ಇದ್ದಲ್ಲಿ ಅದು 10813 ಆಗ್ತದೆ. ಎಲ್ಲಿಯಾದ್ರೂ ಈ 10813 ಅಂತ ವಿಚಿತ್ರ ನಂಬರ್ ಕಂಡ್ರೆ ಅದು ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತಲ್ಲ.

ನಮ್ಮದರಲ್ಲಿ ಆದದ್ದು

ರೂಟಿಗೆ ಲಾಗಿನ್ ಆಯ್ತು, ಡಿಮೆಸೇಜಲ್ಲಿ ಎಂತದೂ ಇಲ್ಲ. ಹಾಗಾದ್ರೆ ಯುಲಿಮಿಟ್. ಮೈನಸ್ ಯು ಹೊಡೆದ್ರೆ 4096. ಅಳಿಯ ಹೇಳಿದ, "ಬಿಟ್ಟದ್ದು ಎರಡು ಸಾವಿರ ಅಲ್ವಾ ಮಾವ, ನಾಲ್ಕು ಸಾವಿರದ ಲಿಮಿಟ್ ಹೇಗೆ ಮುಟ್ಟುದು?" ಪಿಎಸ್ಸಲ್ಲಿ ಅವನ ಹೆಸರಿನ ಪ್ರೊಸೆಸ್ ಎಣಿಸಿದ್ರೆ ಸಾವಿರ ಚಿಲ್ಲರೆ. ಎರಡು ಸಾವಿರವೂ ಇಲ್ಲ!

ಇಲ್ಲಿಯೇ ಜನ ಜಾರುದು. ಈ ಲಿಮಿಟ್ಟಿನ ಹೆಸರಲ್ಲಿ ಪ್ರೊಸೆಸ್ ಅಂತ ಉಂಟು ನಿಜ, ಆದ್ರೆ ಲಿನಕ್ಸ್ ಎಣಿಸುದು ಥ್ರೆಡ್ಡನ್ನು, ಅಂದ್ರೆ ಪ್ರೊಸೆಸಿನ ಒಳಗೆ ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆಯನ್ನು. ಪಿಎಸ್ಸಿಗೆ ಕ್ಯಾಪಿಟಲ್ ಎಲ್ ಸೇರಿಸಿ ಮತ್ತೆ ಎಣಿಸು ಅಂದೆ. ನಾಲ್ಕು ಸಾವಿರದ ತೊಂಬತ್ತು ಚಿಲ್ಲರೆ ಬಂತು. ಟೆಸರಾಕ್ಟ್ ಒಂದು ಪುಟ ಓದುವಾಗ ಓಪನ್‌ಎಂಪಿ (ಕೆಲಸವನ್ನು ಥ್ರೆಡ್ಡುಗಳಿಗೆ ಹಂಚುವ ವ್ಯವಸ್ಥೆ) ಹಿಡಿದು ನಾಲ್ಕು ಥ್ರೆಡ್ ವರೆಗೆ ಬಿಡ್ತದೆ. 4096ನ್ನು ನಾಲ್ಕರಿಂದ ಭಾಗಿಸಿದ್ರೆ 1024. ಎರಡು ಸಾವಿರ ಕೇಳಿದವ ಸಾವಿರದ ಹತ್ರ ಬಂದು ಮುಗ್ಗರಿಸಿದ್ದು ಹೀಗೆ. ಪೈಥಾನಿನ ಲೆಕ್ಕದ ಲೈಬ್ರರಿ ನಂಪೈ ಬಳಸುವವರಿಗೆ ಇದೇ ಕಥೆ ಇನ್ನೂ ಚಂದ ಆಗ್ತದೆ, ಅದರ ಒಳಗಿನ ಓಪನ್‌ಬ್ಲಾಸ್ ಕೋರಿಗೊಂದು ಥ್ರೆಡ್ ಅಂತ ಶುರು ಮಾಡಿದ್ರೆ 64 ಕೋರಿನ ಮೆಷಿನಲ್ಲಿ 64 ವರ್ಕರ್ ಬಿಟ್ಟವನಿಗೆ 64 ಗುಣಿಲೆ 64, ಸರಿಯಾಗಿ 4096. ಕೋರ್ ನೋಡಿ ಲೆಕ್ಕ ಹಾಕಿಯೇ ಬಿಟ್ಟದ್ದು ಅಂತ ಅವ ಹೇಳ್ತಾನೆ, ಸುಳ್ಳಲ್ಲ ಅವ ಹೇಳುದು.

ಇನ್ನೊಂದು ಸೂಕ್ಷ್ಮ. ಫೋರ್ಕ್ ಆಗದಿದ್ರೆ ಎಕ್ಸಾರ್ಗ್ಸ್ ಗಲಾಟೆ ಮಾಡುದಿಲ್ಲ, ಓಡ್ತಾ ಇರುವ ಒಂದು ಮಗು ಮುಗಿಯುವವರೆಗೆ ಕಾದು ಮತ್ತೆ ನೋಡ್ತದೆ, ಒಳ್ಳೇ ಬುದ್ಧಿಯದ್ದು. ಆದ್ರೆ ಹುಟ್ಟಿದ ಟೆಸರಾಕ್ಟ್ ತನ್ನ ಮೂರು ಥ್ರೆಡ್ ಬಿಡ್ಲಿಕ್ಕೆ ಹೋಗಿ ಸಿಗದಿದ್ರೆ "ಲಿಬ್‌ಗಾಂಪ್: ಥ್ರೆಡ್ ಕ್ರಿಯೇಶನ್ ಫೇಲ್ಡ್" ಅಂತ ಹೇಳಿ ಅಲ್ಲೇ ಸಾಯ್ತದೆ. ಎಕ್ಸಾರ್ಗ್ಸ್ ಅದನ್ನು ನೋಡಿ ಮುಂದಿನ ಪುಟಕ್ಕೆ ಹೋಗ್ತದೆ, ಎಲ್ಲ ಮುಗಿದ ಮೇಲೆ ಎಕ್ಸಿಟ್ ಕೋಡ್ (ಪ್ರೋಗ್ರಾಂ ಮುಗಿಯುವಾಗ ಕೊಡುವ ನಂಬರ್) 123 ಕೊಡ್ತದೆ. ಆ ಕೋಡನ್ನು ನೋಡುವವರು ಯಾರು? ಹಾಗಾಗಿ ಹೊರಗಿಂದ ನೋಡಿದ್ರೆ ಕೆಲಸ ನಡೀತಾ ಉಂಟು, ಫೈಲುಗಳು ಬರ್ತಾ ಉಂಟು, ಒಳಗೆ ಅಲ್ಲಲ್ಲಿ ತೂತು.

ಲಿಮಿಟ್ ಏರಿಸಿದ ಮೇಲೆ

ನಾನು ಮಲಗಿದೆ. ಅಳಿಯ ಮಲಗ್ಲಿಲ್ಲ. ಲಿಮಿಟ್ಸ್ ಡಾಟ್ ಕಾನ್ಫ್ ಫೈಲಲ್ಲಿ ಒಂದು ಲಕ್ಷ ಅಂತ ಬರೆದ, ಮತ್ತೆ ಬಿಟ್ಟ, ಮತ್ತೆ ಅದೇ ಎರರ್. ಇಲ್ಲಿ ಎರಡು ಗುಂಡಿ ಉಂಟು, ಅವ ಎರಡಕ್ಕೂ ಬಿದ್ದ. ಒಂದು, ಸೆಂಟ್ಓಎಸ್ 7ರಲ್ಲಿ ಲಿಮಿಟ್ಸ್ ಡಾಟ್ ಡಿ ಫೋಲ್ಡರಿನೊಳಗೆ 20 ಹೈಫನ್ ಎನ್‌ಪ್ರಾಕ್ ಅಂತ ಒಂದು ಫೈಲು ಉಂಟು, 4096 ಬರುದು ಅಲ್ಲಿಂದ, ದೊಡ್ಡ ಫೈಲಿನಲ್ಲಿ ನಕ್ಷತ್ರ ಹಾಕಿ ಎಲ್ಲರಿಗೂ ಅಂತ ಬರೆದದ್ದನ್ನು ಅದು ಮೀರ್ತದೆ. ಎರಡು, ಅವ ಓಡಿಸ್ತಾ ಇದ್ದದ್ದು ಮೂರು ದಿನದಿಂದ ತೆರೆದಿಟ್ಟ ಟಿಮಕ್ಸ್ (ಲಾಗೌಟ್ ಆದ್ರೂ ಉಳಿಯುವ ಟರ್ಮಿನಲ್) ಒಳಗೆ, ಅದಕ್ಕೆ ಹೊಸ ಲಿಮಿಟ್ ಗೊತ್ತೇ ಇಲ್ಲ, ಲಾಗಿನ್ ಆಗುವಾಗ ಸಿಕ್ಕಿದ್ದೇ ಕೊನೆವರೆಗೆ. ಓಡ್ತಾ ಇರುವ ಪ್ರೊಸೆಸಿಗೆ ನಿಜವಾಗಿ ಎಷ್ಟು ಉಂಟು ಅಂತ ನೋಡ್ಲಿಕ್ಕೆ ಪ್ರಾಕಿನ ಒಳಗೆ ಅದರ ನಂಬರಿನ ಫೋಲ್ಡರಲ್ಲಿ ಲಿಮಿಟ್ಸ್ ಅಂತ ಫೈಲು ಉಂಟು, ಅದನ್ನೇ ನಂಬಿ. ಸಿಸ್ಟಂಡಿ ಸರ್ವಿಸ್ ಆಗಿ ಓಡಿಸುವವರಿಗೆ ಈ ಕಾನ್ಫ್ ಫೈಲುಗಳು ಲೆಕ್ಕಕ್ಕೇ ಇಲ್ಲ, ಯೂನಿಟ್ ಫೈಲಲ್ಲೇ ಲಿಮಿಟ್ ಎನ್‌ಪ್ರಾಕ್, ಟಾಸ್ಕ್ಸ್ ಮ್ಯಾಕ್ಸ್ ಎರಡನ್ನೂ ಬರೀಬೇಕು. ಇನ್ನೂ ತಮಾಷೆ, ಆ 4096 ಬರೀ ಸಾಫ್ಟ್ ಲಿಮಿಟ್ (ಹಾರ್ಡ್ ಲಿಮಿಟ್ ವರೆಗೆ ಯೂಸರ್ ತಾನೇ ಏರಿಸ್ಬಹುದಾದದ್ದು), ಹಾರ್ಡ್ ಲಿಮಿಟ್ ಎಷ್ಟೋ ಮೇಲೆ ಉಂಟು, ಅದೇ ಶೆಲ್ಲಲ್ಲಿ ಯುಲಿಮಿಟ್ ಮೈನಸ್ ಯು ಒಂದು ಲಕ್ಷ ಅಂತ ಹೊಡೆದಿದ್ರೆ ರೂಟೂ ಬೇಡ ಫೈಲೂ ಬೇಡ ಇತ್ತು.

ಹೇಗೋ ಏರಿಸಿದ. ಬೆಳಿಗ್ಗೆ ಆರಕ್ಕೆ ಫೋನು. "ಮಾವಾ, ಈಗ ಎರರ್ ಬೇರೆ." ಡಿಮೆಸೇಜ್ ತುಂಬ "ಔಟ್ ಆಫ್ ಮೆಮೊರಿ, ಕಿಲ್ ಪ್ರೊಸೆಸ್, ಸ್ಯಾಕ್ರಿಫೈಸ್ ಚೈಲ್ಡ್", ಅಂದ್ರೆ ರ‍್ಯಾಮ್ ಮುಗಿದು ಕರ್ನಲ್ಲೇ ಪ್ರೊಸೆಸ್ ಕೊಲ್ತಾ ಉಂಟು. ಒಂದು ಟೆಸರಾಕ್ಟ್ ಒಂದೇ ಬಿಟ್ಟು ನೋಡಿದ್ರೆ ನಮ್ಮ ಪುಟಕ್ಕೆ ಹತ್ತಿರ ಹತ್ತಿರ 150 ಎಂಬಿ ತಿಂತದೆ. ಎರಡು ಸಾವಿರಕ್ಕೆ 300 ಜಿಬಿ. ಇರುದು 256. ನಿನ್ನೆ ರಾತ್ರಿ ಬಚಾವಾದದ್ದೇ 4096ರ ಲಿಮಿಟ್ಟಿಂದ, ಸಾವಿರಕ್ಕೆ 150 ಜಿಬಿಯಲ್ಲಿ ನಿಂತಿತ್ತು, ಆ ಬೇಲಿ ಕಿತ್ತ ಮೇಲೆ ದನ ಗದ್ದೆಗೆ ಇಳೀತು. ಮತ್ತೆ ಈ ಸಲ ಎಕ್ಸಾರ್ಗ್ಸ್ ಕೂಡ ನಿಂತಿದೆ, ಮಗು ಸಿಗ್ನಲಲ್ಲಿ ಸತ್ರೆ ಅದು ಮುಂದೆ ಹೋಗುದಿಲ್ಲ, "ಟರ್ಮಿನೇಟೆಡ್ ಬೈ ಸಿಗ್ನಲ್ 9" ಹೇಳಿ 125 ಕೊಟ್ಟು ಹೊರಗೆ ಬರ್ತದೆ. 123 ಬಂದ್ರೆ ಮಕ್ಕಳು ತಾವೇ ತಪ್ಪಿ ಸತ್ತದ್ದು, 125 ಬಂದ್ರೆ ಸಿಗ್ನಲ್ ಬಿದ್ದು ಸತ್ತದ್ದು, ಹೆಚ್ಚಾಗಿ ಯಾರೋ ಕೊಂದದ್ದು. ಆ ಒಂದು ನಂಬರ್ ನೋಡಿದ್ರೆ ಅರ್ಧ ಪತ್ತೆ ಆಯ್ತು.

ಅಲ್ಲಿಗೆ ನಾನು ಬೈಕ್ ಹತ್ತಿ ಹೋದೆ. ಫೋನಲ್ಲಿ ಹೇಳಿ ಮುಗಿಯುದಲ್ಲ ಇದು.

ಎಲ್ಲ ಓಡ್ತದೆ, ಎಂತದೂ ಮುಗಿಯುದಿಲ್ಲ

ಅವನ ಎದುರಲ್ಲೇ ಸಾವಿರ ಬಿಟ್ಟು ತೋರಿಸಿದೆ. ಲಿಮಿಟ್ ಉಂಟು, ರ‍್ಯಾಮ್ ಉಂಟು, ಎರರ್ ಒಂದೂ ಇಲ್ಲ. ಮೊದಲ ಕೆಲವು ನಿಮಿಷ ಲೋಡ್ ಆವರೇಜು (ಎಷ್ಟು ಜನ ಸರದಿಯಲ್ಲಿ ಇದ್ದಾರೆ ಅನ್ನುವ ಲೆಕ್ಕ) ಸಾವಿರದ ಕಡೆ ಏರ್ತಾ ಹೋಗ್ತದೆ, ಸಿಪಿಯು ಮಾತ್ರ ಖಾಲಿ ಕೂತಿದೆ. ಹೀಗೆ ಕಂಡ್ರೆ ಗಾಬರಿ ಬೇಡ, ಲಿನಕ್ಸಿನ ಲೋಡ್ ಆವರೇಜಲ್ಲಿ ಡಿಸ್ಕಿಗೆ ಕಾಯ್ತಾ ಇರುವ ಡಿ ಸ್ಟೇಟಿನವರೂ ಸೇರ್ತಾರೆ. ವಿಎಂಸ್ಟ್ಯಾಟ್ ಕಮಾಂಡ್ ಹಾಕಿ, ಬಿ ಕಾಲಮ್ಮಲ್ಲಿ ಜನ ನಿಂತಿದ್ರೆ ಡಿಸ್ಕು, ಆರ್ ಕಾಲಮ್ಮಲ್ಲಿ ನಿಂತಿದ್ರೆ ಸಿಪಿಯು. 300 ಡಿಪಿಐಯಲ್ಲಿ ಎ4 ಕಲರ್ ಪುಟ ಕಂಪ್ರೆಸ್ ಮಾಡದ ಟಿಫ್ ಆದ್ರೆ 2480 ಗುಣಿಲೆ 3508 ಗುಣಿಲೆ 3, ಸುಮಾರು 26 ಎಂಬಿ. ಸಾವಿರ ಪುಟ ಒಟ್ಟಿಗೆ ಕೇಳಿದ್ರೆ 26 ಜಿಬಿ, ಅದೂ ಯುಎಸ್‌ಬಿಗೆ ಸಿಕ್ಕಿಸಿದ ತಿರುಗುವ ಡಿಸ್ಕಿಂದ. ಮುಳ್ಳು ಅಲ್ಲಿಂದ ಇಲ್ಲಿಗೆ ಇಲ್ಲಿಂದ ಅಲ್ಲಿಗೆ ಹಾರಿ ಹಾರಿ ಸುಸ್ತು.

ಪುಟ ಒಳಗೆ ಬಂದ ಮೇಲೆ ಆಟ ತಿರುಗ್ತದೆ. ಆರ್ ಕಾಲಮ್ಮಲ್ಲಿ ಸಾವಿರಗಟ್ಟಲೆ, ಸಿಪಿಯು ನೂರಕ್ಕೆ ನೂರು, ಫ್ಯಾನಿನ ಶಬ್ದಕ್ಕೆ ಅಕ್ಕ ಒಳಗಿಂದ ಬಂದು ಎಂತ ಅದು ಅಂತ ಕೇಳಿದ್ಲು, ಮುಗಿದ ಪುಟ ಮಾತ್ರ ನಿಮಿಷಕ್ಕೆ ಇಷ್ಟೇ ಇಷ್ಟು. ಜೆಂಬ್ರದ ಊಟಕ್ಕೆ ಹಂತಿಯಲ್ಲಿ 64 ಬಾಳೆಲೆ ಹಾಕುವಷ್ಟು ಜಾಗ, ನಾಲ್ಕು ಸಾವಿರ ಜನರನ್ನು ಒಟ್ಟಿಗೆ ಒಳಗೆ ಬಿಟ್ಟು ಎಲ್ಲರಿಗೂ ಎರಡೆರಡು ತುತ್ತು ಉಣ್ಣಿಸಿ ಎಬ್ಬಿಸಿ ಮತ್ತೆ ಕೂರಿಸ್ತಾ ಇದ್ರೆ ಪಾಯಸ ಬರುದು ಯಾವಾಗ? ಮೇಲಿಂದ ಓಪನ್‌ಎಂಪಿ ಥ್ರೆಡ್ಡಿಗೆ ಒಂದು ಕೆಟ್ಟ ಅಭ್ಯಾಸ ಉಂಟು, ಜೊತೆಯವ ಮುಗಿಸುವವರೆಗೆ ಸುಮ್ಮನೆ ಮಲಗುದಿಲ್ಲ, ಸ್ವಲ್ಪ ಹೊತ್ತು ಗಿರಕಿ ಹೊಡೀತಾ ಸಿಪಿಯು ಹಿಡ್ಕೊಂಡೇ ಕಾಯ್ತದೆ. ತನ್ನ ಪ್ರೊಸೆಸಿನ ಥ್ರೆಡ್ ಎಷ್ಟು ಅಂತ ಅದಕ್ಕೆ ಗೊತ್ತು, ಪಕ್ಕದ ಪ್ರೊಸೆಸಿನದ್ದು ಗೊತ್ತಿಲ್ಲ. ಹಾಗಾಗಿ ಆ ನೂರು ಪರ್ಸೆಂಟಲ್ಲಿ ಎಷ್ಟೋ ಪಾಲು ಬರೀ ಕಾಯುವ ಕೆಲಸ.

ಥ್ರೆಡ್ಡನ್ನು ಒಂದಕ್ಕೆ ಇಳಿಸು ಅಂದೆ. ಅಳಿಯ ಓಎಂಪಿ ನಮ್ ಥ್ರೆಡ್ಸ್ ಒಂದು ಅಂತ ಎಕ್ಸ್‌ಪೋರ್ಟ್ ಮಾಡಿದ, ಪಿಎಸ್ಸಲ್ಲಿ ನೋಡಿದ್ರೆ ಇನ್ನೂ ನಾಲ್ಕು. ಇದರಲ್ಲಿ ನಾನೇ ಹಿಂದೊಮ್ಮೆ ಒಂದು ಮಧ್ಯಾಹ್ನ ಕಳಕೊಂಡಿದ್ದೆ. ಟೆಸರಾಕ್ಟ್ ಕೋಡಿನ ಒಳಗೇ ನಾಲ್ಕು ಅಂತ ಬರೆದಿಟ್ಟದ್ದು, ಆ ವೇರಿಯಬಲನ್ನು ಅದು ಕೇಳುದಿಲ್ಲ. ಕೇಳುದು ಓಎಂಪಿ ಥ್ರೆಡ್ ಲಿಮಿಟನ್ನು. ಅದನ್ನು ಒಂದು ಮಾಡಿದ ಮೇಲೆ ಒಂದು ಪ್ರೊಸೆಸಿಗೆ ಒಂದೇ ಥ್ರೆಡ್. ನಂಪೈಯವರು ಓಪನ್‌ಬ್ಲಾಸ್ ನಮ್ ಥ್ರೆಡ್ಸ್, ಇಂಟೆಲಿನ ಎಂಕೆಎಲ್ ಇದ್ರೆ ಎಂಕೆಎಲ್ ನಮ್ ಥ್ರೆಡ್ಸ್ ಇಡಿ, ಅದೂ ನಂಪೈ ಇಂಪೋರ್ಟ್ ಆಗುವ ಮೊದಲೇ ಇಡ್ಬೇಕು.

ಮತ್ತೆ ಎಷ್ಟು ಪ್ರೊಸೆಸ್ ಬಿಡುದು? 32ರಿಂದ ಶುರು ಮಾಡಿದೆವು. ಇಲ್ಲಿ ಎಕ್ಸಾರ್ಗ್ಸಿನ ಒಂದು ಗುಟ್ಟು ಬಹಳ ಉಪಯೋಗಕ್ಕೆ ಬಂತು, ಅದು ಓಡ್ತಾ ಇರುವಾಗಲೇ ಯುಎಸ್ಆರ್1 ಸಿಗ್ನಲ್ ಕಳಿಸಿದ್ರೆ ಒಂದು ಜಾಸ್ತಿ ಮಾಡ್ತದೆ, ಯುಎಸ್ಆರ್2 ಕಳಿಸಿದ್ರೆ ಒಂದು ಕಡಿಮೆ. ನಿಲ್ಲಿಸಿ ಶುರು ಮಾಡುದು ಬೇಡ. ನಿಮಿಷಕ್ಕೆ ಎಷ್ಟು ಪುಟ ಮುಗೀತದೆ ಅಂತ ಎಣಿಸ್ತಾ ಏರಿಸ್ತಾ ಹೋದ್ರೆ 32ರಿಂದ 64ಕ್ಕೆ ಹೋಗುವಾಗ ಸ್ವಲ್ಪ ಜಾಸ್ತಿ ಆಯ್ತು, ಡಬಲ್ ಏನೂ ಆಗ್ಲಿಲ್ಲ, ಹೈಪರ್ ಥ್ರೆಡ್ ಅಂದ್ರೆ ಪೂರ್ತಿ ಕೋರ್ ಅಲ್ವಲ್ಲ. 64ರ ಮೇಲೆ ಏರಿಸಿದ್ರೆ ಒಂದು ಪುಟವೂ ಜಾಸ್ತಿ ಇಲ್ಲ. 64ಕ್ಕೆ ನಿಲ್ಲಿಸಿದೆವು. ಪುಟಕ್ಕೆ ಸುಮಾರು ಅರ್ಧ ನಿಮಿಷ, ನಿಮಿಷಕ್ಕೆ 128ರ ಹತ್ರ, 40 ಸಾವಿರಕ್ಕೆ ಐದು ಗಂಟೆ ಚಿಲ್ಲರೆ. ರ‍್ಯಾಮ್ ಹತ್ತು ಜಿಬಿಯೂ ಮುಟ್ಲಿಲ್ಲ. ಡಿಸ್ಕಿಗೆ ಬೇರೆ ಮದ್ದು, ಐದೈದು ಸಾವಿರ ಪುಟದ ಕಂತನ್ನು ಮೊದಲೇ ಒಳಗಿನ ಎಸ್‌ಎಸ್‌ಡಿಗೆ ಕಾಪಿ ಮಾಡಿಟ್ಟುಕೊಂಡು ಅಲ್ಲಿಂದ ಓಡಿಸುದು.

ಎಕ್ಸಾರ್ಗ್ಸಿನ ಬದಲು ಜಿಎನ್‌ಯು ಪ್ಯಾರಲಲ್ ಬಳಸುವವರಿಗೆ ಒಂದು ಮಾತು. ಅದು "ಬರೀ 252 ಜಾಬಿಗೆ ಸಾಕಾಗುವಷ್ಟು ಫೈಲ್ ಹ್ಯಾಂಡಲ್ ಉಂಟು" ಅಂತ ವಾರ್ನಿಂಗ್ ಕೊಟ್ರೆ ಅದು ಇನ್ನೊಂದೇ ಗೇಟು, ತೆರೆದ ಫೈಲಿನ ಲಿಮಿಟ್ 1024 ಇರುದರಿಂದ, ಯುಲಿಮಿಟ್ ಮೈನಸ್ ಎನ್ ನೋಡಿ. ಅದಕ್ಕೆ ಜಾಬ್‌ಲಾಗ್, ರೆಸ್ಯೂಮ್, ಮೆಮ್‌ಫ್ರೀ ಅಂತ ಆಯ್ಕೆಗಳೆಲ್ಲ ಉಂಟು. ಆಟಿಯ ಮಳೆಯಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ನಮ್ಮಂಥವರು ರೆಸ್ಯೂಮ್ (ನಿಂತಲ್ಲಿಂದ ಮುಂದುವರಿಸುದು) ಇರುವ ಅದನ್ನೇ ಬಳಸುದು ಒಳ್ಳೇದು, ಅಳಿಯನಿಗೆ ಎಕ್ಸಾರ್ಗ್ಸೇ ಆಗ್ಬೇಕು.

ಬಿಟ್ಟು ಹೋದ ಪುಟ

ಈಗ ಮೊದಲ ರಾತ್ರಿಯ ತೂತು. ಟೆಸರಾಕ್ಟ್ ಓದ್ಲಿಕ್ಕೆ ಶುರು ಮಾಡುವಾಗಲೇ ಟೆಕ್ಸ್ಟ್ ಫೈಲು ತೆರೆದಿಡ್ತದೆ, ನಡುವಲ್ಲಿ ಸತ್ರೆ ಫೈಲು ಇರ್ತದೆ, ಒಳಗೆ ಸೊನ್ನೆ ಬೈಟು. ಹಾಗಾಗಿ "ಔಟ್‌ಪುಟ್ ಇದ್ರೆ ಆ ಪುಟ ಬಿಡು" ಅಂತ ಸ್ಕ್ರಿಪ್ಟಲ್ಲಿ ಬರೆದಿದ್ರೆ ಸತ್ತ ಪುಟಗಳು ಮುಗಿದ ಲೆಕ್ಕಕ್ಕೆ ಸೇರಿ ಮಾಯ. ನಿಜವಾಗಿ ಖಾಲಿ ಇರುವ ಪುಟ ಹೇಗೆ ಗೊತ್ತಾಗುದು ಅಂದ್ರೆ, ಟೆಸರಾಕ್ಟ್ 4ರಿಂದ ಮೇಲೆ ಪುಟದ ಕೊನೆಗೆ ಒಂದು ಫಾರ್ಮ್ ಫೀಡ್ ಅಕ್ಷರ (ಪುಟ ಮುಗೀತು ಅಂತ ಹೇಳುವ, ಕಣ್ಣಿಗೆ ಕಾಣದ್ದು) ಹಾಕ್ತದೆ, ಹಾಗಾಗಿ ಖಾಲಿ ಪುಟದ ಫೈಲಲ್ಲೂ ಕಮ್ಮಿ ಅಂದ್ರೆ ಒಂದು ಬೈಟು ಇರ್ತದೆ. ಸೊನ್ನೆ ಅಂದ್ರೆ ಸತ್ತದ್ದು, ಒಂದು ಅಂದ್ರೆ ಖಾಲಿ. ಅದಕ್ಕೆ ಈಗ ಸ್ಕ್ರಿಪ್ಟಲ್ಲಿ ಮೊದಲು ಟೆಂಪರರಿ ಹೆಸರಿಗೆ ಬರೆಸಿ, ಎಕ್ಸಿಟ್ ಕೋಡ್ ಸೊನ್ನೆ ಬಂದ್ರೆ ಮಾತ್ರ ಸರಿ ಹೆಸರಿಗೆ ಎಂವಿ ಮಾಡುದು (ಹೆಸರು ಬದಲಿಸುದು).

ಫೈಂಡ್ ಹಾಕಿ ಸೊನ್ನೆ ಬೈಟಿನದ್ದೆಲ್ಲ ಅಳಿಸಿ ಮತ್ತೆ ಓಡಿಸಿದೆವು. ಕೊನೆಗೆ ಟಿಫ್ ಎಷ್ಟು, ಟೆಕ್ಸ್ಟ್ ಎಷ್ಟು ಅಂತ ಎರಡು ಪಟ್ಟಿ ತಾಳೆ ನೋಡಿದ್ರೆ ಒಂಬತ್ತು ಪುಟ ಕಡಿಮೆ. ಎಷ್ಟು ಸಲ ಓಡಿಸಿದ್ರೂ ಆ ಒಂಬತ್ತು ಬರುದಿಲ್ಲ. ತೆರೆದು ನೋಡಿದ್ರೆ ಟಿಫ್ಫೇ ಅರ್ಧಕ್ಕೆ ನಿಂತಿದೆ, ಕಾಪಿ ಆಗುವಾಗ ಕರೆಂಟು ಹೋದದ್ದು. ಸ್ಕ್ಯಾನ್ ಮಾಡಿದವರ ಹತ್ರ ಮೂಲ ಉಂಟಂತೆ, ಆದಿತ್ಯವಾರ ಪೆನ್‌ಡ್ರೈವ್ ಹಿಡ್ಕೊಂಡು ಹೋಗ್ಬೇಕು.